ರ‍್ಯಾಂಪ್‌ನ ಉಡುಪು ಪ್ಯಾಡ್‌ಗೆ ಆಗುತ್ತದೆಯೇ?

ಪ್ರಶ್ನೆ: ಮದುವೆಗೆ ಮುಂಚೆ ಮಾಡೆಲ್ ಆಗಿದ್ದೆ. ಈಗ ಎರಡು ವರ್ಷದ ಮಗುವಿನ ತಾಯಿ. ಗೆಳತಿಯರೆಲ್ಲ ಸೇರಿ ಬಡಾವಣೆಯ ಹೆಣ್ಣುಮಕ್ಕಳಿಗೆ ಬಟ್ಟೆ ಪ್ಯಾಡ್ ಹೊಲಿದುಕೊಡುತ್ತಿದ್ದೇವೆ. ನನ್ನ ಹಳೆಯ ಉಡುಪುಗಳನ್ನು ಬಳಸಬಹುದೇ? ಮೊದಲು ಹೊಲಿದವು ಸೋರಿದ್ದೇಕೆ?
– ಓದುಗರು, ಮೈಸೂರು

ಉತ್ತರ: ತುಂಬ ಒಳ್ಳೆಯ ಕೆಲಸ, ಖಂಡಿತ ಮುಂದುವರಿಸಿ. ಉಡುಪಿನ ಒಂದೆಳೆ ದಾರವನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅದು ಬೇಡ. ರೇಷ್ಮೆಯೂ ಬೇಡ. ಹಳೆಯ ಹತ್ತಿ ಪಂಚೆಗಿಂತ ಉತ್ತಮವಾದದ್ದಿಲ್ಲ.

ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಎರಡು ಸಲ ಒಗೆಯಿರಿ. ಇಲ್ಲದಿದ್ದರೆ ಹೊಲಿದ ಮೇಲೆ ಬಟ್ಟೆ ಕುಗ್ಗಿ ಅಂಚು ಸುರುಳಿಯಾಗುತ್ತದೆ. ಅಳತೆ 25 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ. ಮೇಲೆ ಫ್ಲಾನೆಲ್, ಒಳಗೆ ಪಂಚೆಯ 5–6 ಪದರ, ತಳಕ್ಕೆ ನೀರು ತಡೆಯುವ ಪಿಯುಎಲ್ ಬಟ್ಟೆ. ಸೋರುವುದು ಹೆಚ್ಚಾಗಿ ಈ ತಳದಲ್ಲೇ: ಪದರಗಳು ಸರಿಯದಿರಲೆಂದು ನಡುವೆ ಹಾಕಿದ ಹೊಲಿಗೆಯ ಒಂದೊಂದು ತೂತೂ ದಾರಿಬಿಡುತ್ತದೆ. ಪದರಗಳನ್ನು ಫ್ಲಾನೆಲ್‌ಗೆ ಮಾತ್ರ ಹೊಲಿದು, ಪಿಯುಎಲ್ ಅನ್ನು ಅಂಚಿನಲ್ಲಷ್ಟೇ ಸೇರಿಸಿ. ಗುಂಡುಪಿನ್ ಬದಲು ಕ್ಲಿಪ್ ಇರಲಿ. ಮಗು ಓಡಾಡುವ ಮನೆಗೂ ಅದೇ ಕ್ಷೇಮ.

ಕೊಡುವಾಗ ಹೇಳಿಕೊಡಿ: ಮೊದಲು ತಣ್ಣೀರಿನಲ್ಲಿ ನೆನೆಸಬೇಕು, ಬಿಸಿನೀರಿಗೆ ಕಲೆ ಕಚ್ಚಿಕೊಳ್ಳುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಬಟ್ಟೆ ಹೀರುವುದಿಲ್ಲ. ಸಂಕೋಚಪಟ್ಟು ಸೀರೆಯಡಿ ಮುಚ್ಚಿ ಒಣಗಿಸಿದರೆ ತೇವ ಉಳಿದು ಬೂಷ್ಟು ಬರುತ್ತದೆ. ನೇರ ಬಿಸಿಲಿಗೇ ಹಾಕಲಿ.