ಡಿಸಾಸ್ಟ್ರಸ್ ಪದದಲ್ಲಿ ‘ಇ’ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ಒಂಬತ್ತನೇ ಕ್ಲಾಸಿನ ನನ್ನ ಮಗಳು ಪರೀಕ್ಷೆಯಲ್ಲಿ ಡಿಸಾಸ್ಟರ್ ಪದಕ್ಕೆ ‘ಓಯುಎಸ್’ ಸೇರಿಸಿ ‘ಡಿಸಾಸ್ಟರಸ್’ ಅಂತ ಬರೆದು ಅರ್ಧ ಅಂಕ ಕಳೆದುಕೊಂಡಳು. ಡೇಂಜರ್ ಡೇಂಜರಸ್ ಆಗುತ್ತದೆ, ಇದು ಯಾಕಾಗಲ್ಲ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮಗಳು ಯೋಚಿಸಿಯೇ ಬರೆದಿದ್ದಾಳೆ, ಅವಳನ್ನು ಬೈಯಬೇಡಿ. ಡೇಂಜರಸ್, ಮರ್ಡರಸ್, ಥಂಡರಸ್ ಪದಗಳಲ್ಲಿ ‘ಇ’ ಉಳಿಯುತ್ತದೆ. ಆದರೆ ಮಾನ್‌ಸ್ಟರ್ ಮಾನ್‌ಸ್ಟ್ರಸ್ ಆಗುತ್ತದೆ, ವಂಡರ್ ವಂಡ್ರಸ್ ಆಗುತ್ತದೆ. ಡಿಸಾಸ್ಟ್ರಸ್ ಈ ಗುಂಪಿನದು. ಇಂಗ್ಲಿಷಿನವರ ಬಾಯಲ್ಲಿ ಇದು ಡಿ-ಝಾಸ್-ಟ್ರಸ್, ಮೂರೇ ತುಂಡು. ನಮ್ಮಲ್ಲಿ ನಾಲ್ಕು ತುಂಡು ಮಾಡಿ ಹೇಳುವವರೇ ಜಾಸ್ತಿ, ಬಾಯಿ ಹೇಳಿದ್ದನ್ನೇ ಕೈ ಬರೆಯುತ್ತದೆ ಅಲ್ವಾ?

ನೆನಪಿಡೋಕೆ ಒಂದು ದಾರಿ ಇದೆ. ಇಟಾಲಿಯನ್ ಭಾಷೆಯ ‘ಡಿಸಾಸ್ತ್ರೊ’ ಇದರ ಮೂಲ. ‘ಆಸ್ತ್ರೊ’ ಅಂದರೆ ನಕ್ಷತ್ರ, ‘ಡಿಸ್’ ಇಲ್ಲಿ ಕೆಟ್ಟದ್ದು ಅನ್ನುವ ಅರ್ಥ ಕೊಡುತ್ತದೆ. ನಕ್ಷತ್ರ ಕೆಟ್ಟರೆ ಬದುಕು ಕೆಡುತ್ತದೆ ಅಂತ ಅವರೂ ನಂಬಿದ್ದರು. ನಮ್ಮ ಅಜ್ಜಿಯರು ‘ಗ್ರಹಚಾರ ಕೆಟ್ಟಿತ್ತು’ ಅಂತಾರಲ್ಲ, ಅದೇ ಮಾತು! ಆಸ್ಟ್ರಾನಮಿಯಲ್ಲಿ ಇರೋದೂ ಇದೇ ನಕ್ಷತ್ರ. ಅಲ್ಲಿ ‘ಟಿ’ಗೂ ‘ಆರ್’ಗೂ ನಡುವೆ ‘ಇ’ ಇಲ್ಲ, ಇಲ್ಲೂ ಇಲ್ಲ.

ಇನ್ನು ಬಳಕೆ. ಮಳೆ, ಬೆಂಕಿ, ತೀರ್ಮಾನ, ಪರಿಣಾಮ, ಆಟ, ಇವಕ್ಕೆಲ್ಲ ಡಿಸಾಸ್ಟ್ರಸ್ ಹೊಂದುತ್ತದೆ. ಈ ಪದಕ್ಕೆ ಮೊದಲು ‘ವೆರಿ’ ಸೇರಿಸಿದರೆ ಚೆನ್ನಾಗಿ ಕೇಳಲ್ಲ, ಪದದಲ್ಲೇ ಸಾಕಷ್ಟು ಭಾರ ಇದೆ. ಒತ್ತಿ ಹೇಳಲೇಬೇಕಾದರೆ ‘ಅಟರ್ಲಿ ಡಿಸಾಸ್ಟ್ರಸ್’ ಅನ್ನಿ.

ಕನ್ನಡಕ್ಕೆ ತರುವಾಗ ಮಾತ್ರ ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ನಿಮ್ಮ ಕೊಡಗಿನಲ್ಲೇ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆ ಕೊಚ್ಚಿಹೋದವು. ಇಂಗ್ಲಿಷಿನಲ್ಲಿ ಅದು ಡಿಸಾಸ್ಟ್ರಸ್. 2020ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟಿನಲ್ಲಿ ಭಾರತ 36 ರನ್ನಿಗೆ ಮುದುರಿಕೊಂಡಿತಲ್ಲ, ಆ ಬ್ಯಾಟಿಂಗೂ ಡಿಸಾಸ್ಟ್ರಸ್ಸೇ. ಕನ್ನಡದಲ್ಲಿ ಎರಡಕ್ಕೂ ‘ದುರಂತ’ ಅಂದುಬಿಡೋದು ನನಗೆ ಸರಿ ಕಾಣಲ್ಲ. ಕೊಡಗಿನಲ್ಲಿ ಆಗಿದ್ದು ದುರಂತ, ಜನ ಸತ್ತಿದ್ದಾರೆ. ಅಡಿಲೇಡಿನಲ್ಲಿ ಬ್ಯಾಟಿಂಗ್ ನೆಲಕಚ್ಚಿತು, ಅಷ್ಟೇ.