ಲಂಕೆಯ ಸಾಲ, ನಮ್ಮ ಮೆಣಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶ್ರೀಲಂಕಾದ ವಿಷಯವೇ. ಕರಿಮೆಣಸು ಕೊಯ್ಲಿನ ಕಾಲ. ಅಲ್ಲಿನ ಮೆಣಸು ಇಲ್ಲಿಗೂ ಬರುವುದರಿಂದ, ಲಂಕೆಯ ಹೆಸರೆತ್ತದೆ ಕೊಡಗಿನಲ್ಲಿ ಮೆಣಸಿನ ಮಾತು ಮುಗಿಯುವುದಿಲ್ಲ. ವಿರಾಜಪೇಟೆ ಕಡೆ ರೋಬಸ್ಟಾ ಕಾಫಿ, ಮೆಣಸು ಎರಡನ್ನೂ ಬೆಳೆಯುವವಳಾದ್ದರಿಂದ ನನಗೂ ಇದು ಮನೆಯ ವಿಷಯ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಅಕ್ಕಾ, ರಾಸಾಯನಿಕ ಗೊಬ್ಬರ ಬಿಟ್ಟಿದ್ದಕ್ಕೇ ಲಂಕೆ ಮುಳುಗಿತು ಎನ್ನುತ್ತಾರೆ. ನಾನೂ ತೋಟಕ್ಕೆ ಯೂರಿಯಾ ಕಡಿಮೆ ಮಾಡುತ್ತಾ ಬಂದಿದ್ದೇನೆ. ಈಗ ಹೆದರಿಕೆಯಾಗುತ್ತಿದೆ. ಹಳೆಯ ದಾರಿಗೇ ಮರಳಲೇ? (ಬೆಳೆಗಾರ, ಸಿದ್ದಾಪುರ)

ಬೇಡಪ್ಪ. ಲಂಕೆ ಮುಳುಗಿದ್ದು ಡಾಲರ್ ಖಾಲಿಯಾಗಿ. ಗೊಬ್ಬರದ ಕತೆ ಅದರ ನಡುವೆ ಬಂದದ್ದು.

ಚಹಾ, ಸಿದ್ಧ ಉಡುಪು, ರಬ್ಬರ್, ದಾಲ್ಚಿನ್ನಿ ಮಾರಿ, ಬಂದ ಡಾಲರಿನಲ್ಲಿ ಪೆಟ್ರೋಲು, ಔಷಧಿ, ಗೊಬ್ಬರ ಕೊಳ್ಳುವ ದೇಶ ಅದು. 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದ ಮೇಲೆ ಪ್ರವಾಸಿಗರು ದೂರವಾದರು. ವರ್ಷದ ಕೊನೆಗೆ ಅಧ್ಯಕ್ಷರಾದ ಗೋಟಬಯ ರಾಜಪಕ್ಸ ಸರಕಿನ ಮೇಲಿನ ತೆರಿಗೆಯಾದ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿದರು, ಖಜಾನೆ ಸೊರಗಿತು. ಅದರ ಮೇಲೆ ಕೋವಿಡ್. ಸಾಲದ ಕಂತು ಕಟ್ಟಲು ಡಾಲರ್ ಇಲ್ಲ. ಇಂಥ ಹೊತ್ತಿನಲ್ಲಿ, 2021ರ ಮೇ ತಿಂಗಳಲ್ಲಿ, ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಒಂದೇ ಆದೇಶದಲ್ಲಿ ನಿಲ್ಲಿಸಿದರು. ಹೆಸರು ಸಾವಯವ ಕೃಷಿಯದು. ಡಾಲರ್ ಉಳಿಸುವ ಲೆಕ್ಕ ಒಳಗಿತ್ತು. ಬದಲಿಗೆ ಕೊಡಲು ಕಾಂಪೋಸ್ಟ್ ಇರಲಿಲ್ಲ. ಚೀನಾದಿಂದ ಹಡಗಿನಲ್ಲಿ ಬಂದ ಸಾವಯವ ಗೊಬ್ಬರದಲ್ಲಿ ರೋಗಾಣು ಇದೆಯೆಂದು ಅಲ್ಲಿನ ವಿಜ್ಞಾನಿಗಳೇ ಬೇಡವೆಂದರು, ಆದರೂ ಅದಕ್ಕೆ ಲಕ್ಷಗಟ್ಟಲೆ ಡಾಲರ್ ತೆರಬೇಕಾಯಿತು. ನವೆಂಬರ್ ಹೊತ್ತಿಗೆ ನಿಷೇಧ ಹಿಂತೆಗೆದರೂ ಭತ್ತದ ಬೆಳೆ ಕೈಬಿಟ್ಟು ಹೋಗಿತ್ತು. 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹಾ 2022ಕ್ಕೆ ಸುಮಾರು 25 ಕೋಟಿಗೆ ಕುಸಿಯಿತು. ಡಾಲರ್ ಉಳಿಸಲು ಹೋಗಿ ಡಾಲರ್ ತರುವ ಬೆಳೆಯನ್ನೇ ಕಳೆದುಕೊಂಡರು. 2022ರ ಮಾರ್ಚ್‌ನಲ್ಲಿ ಕೊಲಂಬೊ ಸುತ್ತಮುತ್ತ ಕಾಗದವಿಲ್ಲದೆ ಶಾಲಾ ಪರೀಕ್ಷೆ ಮುಂದೂಡಿದರು, ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟಲಾರೆವು ಎಂದರು, ಜುಲೈನಲ್ಲಿ ಗೋಟಬಯ ದೇಶ ಬಿಟ್ಟೇ ಹೋದರು.

ನೀವು ಮಾಡುತ್ತಿರುವುದು ಬೇರೆ. ನಿಮ್ಮ ತೋಟ, ನಿಮ್ಮ ತೀರ್ಮಾನ, ಅದೂ ನಿಧಾನವಾಗಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಒಂದು ಗಿಡದ ಬುಡ ಕೈಯಲ್ಲೇ ಕೆದಕಿ ನೋಡಿ. ಕೊಳೆತ ಎಲೆಯ ಪದರ ದಪ್ಪಗಿದ್ದು, ಅದರೊಳಗೆ ಬಿಳಿ ಎಳೆಬೇರು ಬಲೆಯ ಹಾಗೆ ಹರಡಿದ್ದರೆ ಮಣ್ಣು ನಿಮ್ಮ ಜೊತೆಗಿದೆ. ಫಸಲು ಹೊತ್ತ ರೆಕ್ಕೆ ಕೊಂಬೆಯಲ್ಲಿ ಹಳೆ ಎಲೆ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕ ಸಾಲುತ್ತಿಲ್ಲ. ಹಟ ಮಾಡದೆ ಸ್ವಲ್ಪ ಕೊಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಎಷ್ಟು ಬೇಕೆಂದು ತಿಳಿದುಕೊಂಡು ಮುಂದುವರಿಯಿರಿ.

ಲಂಕೆಯಿಂದ ಬರುವ ಮೆಣಸನ್ನು ಕೇಂದ್ರ ಸರ್ಕಾರ ಪೂರ್ತಿ ನಿಲ್ಲಿಸಬಾರದೇಕೆ? (ಸೋಮವಾರಪೇಟೆ)

ಭಾರತ ಮತ್ತು ಶ್ರೀಲಂಕಾ ನಡುವೆ 1998ರಲ್ಲಿ ಮುಕ್ತ ವ್ಯಾಪಾರ ಒಪ್ಪಂದವಾಯಿತು, 2000ದಲ್ಲಿ ಜಾರಿಗೆ ಬಂತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಒಪ್ಪಂದದಲ್ಲಿ ಶೇ 8 ಸುಂಕ. ಬೇರೆ ದೇಶದ ಮೆಣಸಿಗೆ ಇದರ ಹಲವು ಪಟ್ಟು ಸುಂಕವಿರುವಾಗ ವಿಯೆಟ್ನಾಮಿನ ಮೆಣಸು ಲಂಕೆಯಲ್ಲಿ ಬೆಳೆದದ್ದೆಂಬ ಕಾಗದ ಹಿಡಿದು ಬರಲು ದಾರಿ ಹುಡುಕುವುದು ಆಶ್ಚರ್ಯವೇ? ನಮ್ಮ ಜಗಳ ಆ ಕಾಗದದ ಜೊತೆ. ಕ್ಯಾಂಡಿ, ಮಾತಳೆ ಕಡೆ ಬಳ್ಳಿ ಹಬ್ಬಿಸಿಕೊಂಡ ಸಣ್ಣ ರೈತನ ಜೊತೆ ಅಲ್ಲ. ಅವನ ಮೆಣಸಿನ ದೊಡ್ಡ ಗಿರಾಕಿ ಭಾರತವೇ. ವಿಯೆಟ್ನಾಂ ಸರಕು ಅವನ ದೇಶದ ಹೆಸರಿನಲ್ಲಿ ಬಂದರೆ ಅವನಿಗೂ ಹೊಡೆತ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗದ್ದು ಒಳಬಾರದಂತೆ ತಡೆ, ಗೊತ್ತು ಮಾಡಿತು. ನಮ್ಮ ಸಂಘಟನೆಗಳು ಹೋರಾಡಿ ಪಡೆದದ್ದು, ಒಳ್ಳೆಯದೇ. ಆದರೆ ಸ್ಥಳೀಯ ದರವೇ 500 ದಾಟಿದಾಗ ಆ ತಡೆ ಇದ್ದೂ ಇಲ್ಲದಂತೆ. ಹಾಗಾಗಿ ನಾನು ಬೇರೆ ಕಡೆ ಒತ್ತಾಯ ಹಾಕಬೇಕು ಎನ್ನುತ್ತೇನೆ. 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಸ್ಟಮ್ಸ್ ನಿಯಮದ ಪ್ರಕಾರ, ಸರಕು ನಿಜವಾಗಿ ಎಲ್ಲಿಯದು ಎಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕು, ಕೇಳಿದಾಗ ತೋರಿಸಬೇಕು. ಬರಿ ಪ್ರಮಾಣಪತ್ರ ಸಾಲದು. ಇದನ್ನು ಬಂದರಿನಲ್ಲಿ ಪ್ರತಿ ಕಂಟೇನರಿಗೂ ಕೇಳಿ ಎಂದು ನಮ್ಮ ಸಂಸದರಿಗೆ, ಸಂಬಾರ ಮಂಡಳಿಗೆ ಪತ್ರ ಬರೆಯಿರಿ.

ಇನ್ನೊಂದು ಮಾತು. ಅಂಗಡಿಯಲ್ಲಿ ವ್ಯಾಪಾರಿ ಲೀಟರ್ ಡಬ್ಬಕ್ಕೆ ನಿಮ್ಮ ಮೆಣಸು ಸುರಿದು, ಬಾಯಿ ಮಟ್ಟಕ್ಕೆ ಸವರಿ, ತಕ್ಕಡಿಗಿಡುತ್ತಾರಲ್ಲ, ಆಗ ಪಕ್ಕದಲ್ಲೇ ನಿಂತು ನೋಡಿ. 550 ಗ್ರಾಂ ತೂಗಿದರೆ ಗಟ್ಟಿ ಕಾಳು. ಅವಸರಕ್ಕೆ ಬಲಿಯದ ಗೊನೆ ಕೊಯ್ದರೆ ಅದೇ ಡಬ್ಬದಲ್ಲಿ ಜೊಳ್ಳೇ ತುಂಬಿ ತೂಕ ಬರುವುದಿಲ್ಲ, ದರ ಅಲ್ಲೇ ಬೀಳುತ್ತದೆ. ಗೊನೆಯಲ್ಲಿ ಒಂದೆರಡು ಕಾಳು ಕೆಂಪಾಗುವ ತನಕ ಕಾಯಿರಿ.

ಲಂಕೆಯಲ್ಲಿ ಕಾಫಿ ಯಾಕಿಲ್ಲ? (ಪೊನ್ನಂಪೇಟೆ)

ಇತ್ತು, ಚಹಾಕ್ಕಿಂತ ಮೊದಲು ಅದೇ ಇತ್ತು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಒಂದೆರಡು ದಶಕಗಳಲ್ಲಿ ತೋಟಗಳನ್ನು ಬೋಳು ಮಾಡಿತು, ಆಮೇಲೆ ಚಹಾ ಬಂತು. ಒಂದೇ ಬೆಳೆ ನಂಬಿದ ದೇಶ ಅಂದು ಅದು.

ಎಡಪಕ್ಷದ ಅಧ್ಯಕ್ಷರು ಗೆದ್ದು ಬಂದ ಮೇಲೂ ಸಾಲ ಕೊಟ್ಟ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಹೇಳಿದ ಹಾಗೆ ನಡೆಯುತ್ತಿದ್ದಾರೆ. ಇದು ಜನರಿಗೆ ಮೋಸವಲ್ಲವೇ, ಮೇಡಂ? (ವಿದ್ಯಾರ್ಥಿನಿ, ಗೋಣಿಕೊಪ್ಪಲು)

ನಿನ್ನ ಸಿಟ್ಟು ಅರ್ಥವಾಗುತ್ತದಮ್ಮ. ಅನುರ ಕುಮಾರ ದಿಸ್ಸನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಗೆದ್ದರು. ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ ಅವರ ಒಕ್ಕೂಟಕ್ಕೆ 225ರಲ್ಲಿ 159 ಸ್ಥಾನ. 1971ರಲ್ಲಿ, ಮತ್ತೆ 1987ರಿಂದ 89ರ ತನಕ ಬಂದೂಕು ಹಿಡಿದಿದ್ದ ಅವರ ಪಕ್ಷ ಮತಪೆಟ್ಟಿಗೆಯಿಂದ ಅಧಿಕಾರಕ್ಕೆ ಬಂತು, ಅದು ದೊಡ್ಡ ಸಂಗತಿ. ಆದರೆ ಸುಮಾರು 300 ಕೋಟಿ ಡಾಲರಿನ ಐಎಂಎಫ್ ಒಪ್ಪಂದ 2023ರ ಮಾರ್ಚ್‌ನಲ್ಲೇ ಆಗಿಹೋಗಿತ್ತು. ಅದನ್ನು ಹರಿದು ಹಾಕಿದ್ದರೆ ಮತ್ತೆ ಪೆಟ್ರೋಲಿಗೆ ಸರದಿ ನಿಲ್ಲಬೇಕಿತ್ತು. ಹಾಗಾಗಿ ಮೋಸ ಎನ್ನಲಾರೆ. ಹೊರೆ ಯಾರ ಹೆಗಲಿಗೆ ಬಿತ್ತು ಎಂದು ಕೇಳು. 2024ರ ಜನವರಿಯಿಂದ ವ್ಯಾಟ್ ಶೇ 18. ಬಡವನ ಸೋಪಿಗೂ ಅಷ್ಟೇ, ಸಿರಿವಂತನ ಸೋಪಿಗೂ ಅಷ್ಟೇ. ಇದನ್ನು ಈ ಸರ್ಕಾರ ಸರಿಮಾಡುತ್ತದೆಯೇ ಎಂಬುದರ ಮೇಲೆ ಅದನ್ನು ತೂಗಬೇಕು. ಮೇಲಾಗಿ 2025ರಲ್ಲಿ ಅಮೆರಿಕ ಮೊದಲು ಶೇ 44 ಸುಂಕ ಎಂದಿತು, ಆಗಸ್ಟ್ ಹೊತ್ತಿಗೆ 20ಕ್ಕೆ ಇಳಿಸಿತು. ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳು ಆ ತಿಂಗಳುಗಳನ್ನು ಯಾವ ಎದೆಯಲ್ಲಿ ಕಳೆದಿರಬೇಕು! ನಮ್ಮ ದೇಶದ ಕಾಫಿಯಲ್ಲೂ ಹೆಚ್ಚಿನ ಪಾಲು ಹೊರಕ್ಕೇ ಹೋಗುವುದು. ಪರದೇಶದವರು ಸುಂಕ ಬದಲಿಸಿದರೆ ಇಲ್ಲಿ ಕಣದಲ್ಲಿ ಒಣಗುತ್ತಿರುವ ಚೆರಿಯ ದರ ಅಲುಗುತ್ತದೆ. ಅರ್ಥಶಾಸ್ತ್ರ ಓದುವ ನೀನು ಆ ನಂಟನ್ನೇ ಹಿಡಿದು ಬರೆಯಬೇಕು.

ನಮ್ಮ ಪಕ್ಕದ ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇರುವ ತಮಿಳು ಅಜ್ಜಿ ತಾನು ಲಂಕೆಯಲ್ಲಿ ಹುಟ್ಟಿದವಳು ಎನ್ನುತ್ತಾರೆ. ಇಲ್ಲಿಗೆ ಹೇಗೆ ಬಂದರು? (ಸುಂಟಿಕೊಪ್ಪ)

ಬ್ರಿಟಿಷರ ಕಾಲದಲ್ಲಿ ಅವರ ಹಿರಿಯರನ್ನು ತಮಿಳುನಾಡಿನಿಂದ ಲಂಕೆಯ ತೋಟಗಳಿಗೆ ಕರೆದೊಯ್ದರು. 1948ರಲ್ಲಿ ಸ್ವತಂತ್ರವಾದ ಲಂಕೆ ಅದೇ ವರ್ಷ ಅವರ ಪೌರತ್ವ ಕಿತ್ತುಕೊಂಡಿತು. ಅಲ್ಲೇ ಹುಟ್ಟಿ, ದೇಶಕ್ಕೆ ಡಾಲರ್ ತರುವ ಎಲೆ ಕಿತ್ತವರು ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ, ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕುಳಿತು 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ ಎಂದು ಹಂಚಿದರು. ಜನರನ್ನು ಕೇಳಲಿಲ್ಲ. ಹಾಗೆ ಬಂದವರಲ್ಲಿ ಹಲವರಿಗೆ ನಮ್ಮ ಘಟ್ಟದ ಕೆಳಗೆ, ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅಜ್ಜಿಯ ಮನೆಯವರು ಆ ದಾರಿಯಲ್ಲೇ ಸಂಪಾಜೆ ಘಾಟಿ ಹತ್ತಿ ಬಂದಿರಬಹುದು, ಕೇಳಿ ನೋಡಿ. ಅಲ್ಲೇ ಉಳಿದವರಲ್ಲಿ ಬಹಳ ಜನ ಇಂದಿಗೂ ಲೈನ್‌ಮನೆಗಳಲ್ಲೇ ಇದ್ದಾರೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತಕ್ಕೆ ಗುಡ್ಡ ಕುಸಿದದ್ದು ಅದೇ ಚಹಾ ಸೀಮೆಯಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿ ಒಪ್ಪಿದರೆ ಅವರ ಮಾತನ್ನು ಬರೆದು ಕಳಿಸಿ. ಯಾವ ತೋಟ, ದಿನಕ್ಕೆಷ್ಟು ಕಿಲೋ ಎಲೆ, ಹಡಗು ಹತ್ತುವಾಗ ಏನು ತಂದರು, ಎಲ್ಲವೂ ಇರಲಿ. ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ಅವರಿಗೇ ಬಿಟ್ಟುಕೊಡುತ್ತೇನೆ.