ರಜೆ ಬರೆದುಕೊಟ್ಟರೆ ಫರ್ಲೋ ತಪ್ಪುತ್ತಾ?

ಅಮೆರಿಕದ ಏರ್‌ಲೈನ್‌ಗಳಲ್ಲಿ ಫರ್ಲೋ, ಅಂದರೆ ಕೆಲಸ ಕಡಿಮೆಯಾದಾಗ ಸಂಬಳವಿಲ್ಲದೆ ಹೊರಗಿಟ್ಟು ಆಮೇಲೆ ವಾಪಸ್ ಕರೆಯುವುದು, ಇದರ ಸುದ್ದಿ ಬಂದರೆ ಸಾಕು, ಕೊರೊನಾ ಕಾಲದ 2020ರಲ್ಲಿ ಕೇಳಿದ ಪ್ರಶ್ನೆಗಳೇ ಮತ್ತೆ ಬರುತ್ತವೆ. ಸೀನಿಯಾರಿಟಿ ಎಂದರೆ ಕೆಲಸಕ್ಕೆ ಸೇರಿದ ಕ್ರಮದ ಪಟ್ಟಿಯಲ್ಲಿ ನಿಮ್ಮ ನಂಬರ್, ಅಷ್ಟೇ.

ಪ್ರಶ್ನೆ: ಸರ್, ನಾನು ಫಸ್ಟ್ ಆಫೀಸರ್ (ಕೋ-ಪೈಲಟ್), ಸೀನಿಯಾರಿಟಿ ಪಟ್ಟಿಯಲ್ಲಿ ತೀರಾ ಕೆಳಗಿದ್ದೇನೆ. ಕಂಪನಿ ಅರ್ಧ ಸಂಬಳದ ಸ್ವಯಂ ರಜೆ ಕೊಡುತ್ತಿದೆ. ತೆಗೆದುಕೊಂಡರೆ ಫರ್ಲೋ ತಪ್ಪುತ್ತದೆ ಅಲ್ವಾ?

ಹಾಗಂತ ಯಾರು ಹೇಳಿದರು? ಕ್ರ್ಯೂ ರೂಮಿನ ಮಾತು ಅದು. ಫರ್ಲೋ ಎನ್ನುವುದು ಸೀನಿಯಾರಿಟಿ ಪಟ್ಟಿಯ ಬುಡದಿಂದ ಶುರುವಾಗುತ್ತದೆ, ನೀವು ರಜೆಯಲ್ಲಿದ್ದರೂ ನಿಮ್ಮ ನಂಬರ್ ಅಲ್ಲೇ ಇರುತ್ತದೆ. ರಜೆ ಮುಗಿಯುವವರೆಗೆ ಫರ್ಲೋ ಇಲ್ಲ ಎಂಬ ಸಾಲು ಕಂಪನಿ, ಯೂನಿಯನ್ ಇಬ್ಬರೂ ಸಹಿ ಹಾಕಿದ ಒಪ್ಪಂದದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅದು ಬರೀ ರಜೆ.

ಕಂಪನಿಗೆ ನಿಜವಾಗಿ ಬೇಕಿರುವುದು ಮೇಲಿನವರ ರಜೆ. ಬುಡದವರನ್ನು ಕಳಿಸಿದರೆ ಅವರ ಸೀಟಿಗೆ ಮೇಲಿನವರು ಇಳಿಯಬೇಕು, ದೊಡ್ಡ ವಿಮಾನದವರು ಸಣ್ಣದಕ್ಕೆ, ಕ್ಯಾಪ್ಟನ್ ಕೋ-ಪೈಲಟ್ ಕೂರುವ ಬಲಗಡೆ ಸೀಟಿಗೆ, ಹೀಗೆ ಒಬ್ಬೊಬ್ಬರಿಗೂ ವಾರಗಟ್ಟಲೆ ಸಿಮ್ಯುಲೇಟರ್, ಅದರ ಖರ್ಚು ಬೇರೆ. 65ಕ್ಕೆ ಹೇಗೂ ನಿವೃತ್ತಿಯಾಗಲೇಬೇಕಾದ ಕ್ಯಾಪ್ಟನ್ ನಾಲ್ಕು ವರ್ಷ ಮೊದಲೇ ಹೋದರೆ ಈ ರಗಳೆ ಜಾಸ್ತಿ ಇರುವುದಿಲ್ಲ. 2020ರಲ್ಲಿ ಡೆಲ್ಟಾದಲ್ಲಿ ಸುಮಾರು 1,800 ಪೈಲಟ್‌ಗಳು ಬೇಗ ನಿವೃತ್ತಿ ತೆಗೆದುಕೊಂಡರು, ಯೂನಿಯನ್ ಒಪ್ಪಂದವೂ ಆಯಿತು, ಕೊನೆಗೆ ಪೈಲಟ್‌ಗಳ ಫರ್ಲೋ ಆಗಲೇ ಇಲ್ಲ. ಅಮೆರಿಕನ್ ಏರ್‌ಲೈನ್ಸ್ ಕೂಡ ಸ್ವಯಂ ರಜೆ ಕೊಟ್ಟಿತ್ತು. ಆದರೂ ಸರಕಾರದ ಸಂಬಳ ನೆರವು ಪಡೆದವರು ಫರ್ಲೋ ಮಾಡುವಂತಿಲ್ಲ ಎಂಬ ಷರತ್ತು ಸೆಪ್ಟೆಂಬರ್ 30ಕ್ಕೆ ಮುಗಿದದ್ದೇ ತಡ, ಸುಮಾರು 1,600 ಪೈಲಟ್‌ಗಳು ಹೊರಗೆ ಹೋದರು.

ಹಾಗಂತ ರಜೆ ಬೇಡ ಎನ್ನುವುದಿಲ್ಲ. ಫರ್ಲೋ ಆದರೆ ಕೋಬ್ರಾ ಕಾನೂನಿನಡಿ ಆರೋಗ್ಯ ವಿಮೆಯನ್ನು 18 ತಿಂಗಳು ಉಳಿಸಿಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಅದರ ಮೇಲೆ ಇನ್ನೆರಡು ಪರ್ಸೆಂಟನ್ನೂ ನೀವೇ ಕಟ್ಟಬೇಕಾಗಬಹುದು. ರಜೆಯಲ್ಲಿ ವಿಮೆ ಮುಂದುವರಿಯುವುದಾದರೆ ಅರ್ಧ ಸಂಬಳ ಸಣ್ಣದೇನಲ್ಲ. ಇನ್ನೊಂದು ಕಡೆ, ತಾವಾಗಿ ರಜೆ ಹೋದವರಿಗೆ ನಿರುದ್ಯೋಗ ಭತ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ, ನಿಮ್ಮ ರಾಜ್ಯದ ನಿಯಮ ಓದಿ. ಅವಧಿಗೆ ಮುಂಚೆ ವಾಪಸ್ ಕರೆಯಬಹುದಾ, ಎಷ್ಟು ದಿನದ ನೋಟಿಸ್ ಕೊಡುತ್ತಾರೆ, ಅದನ್ನೂ ಓದಿ. ಸುಮ್ನೆ ಮನೆ ಖಾಲಿ ಮಾಡಿ ದೂರದ ಊರಿಗೆ ಹೋಗಿ ಆಮೇಲೆ ನನಗೆ ಬರೆಯಬೇಡಿ. ನಾನು ಈ ವಿಷಯದಲ್ಲಿ ಸ್ವಲ್ಪ ಪುಕ್ಕಲ: ಸಂಬಳವೂ ಇಲ್ಲದ ವಿಮೆಯೂ ಇಲ್ಲದ ರಜೆಗೆ, ಮನೆಯಲ್ಲಿ ಒಂದೇ ದುಡಿಮೆ ಇರುವವರು ಸಹಿ ಹಾಕಬೇಡಿ ಎಂದೇ ಹೇಳುತ್ತೇನೆ.

ಪ್ರಶ್ನೆ: ಆರು ತಿಂಗಳು ಹಾರಿಸದಿದ್ದರೆ ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಹೋಗುತ್ತದೆಯೇ?

ಇಲ್ಲ. 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗದಿದ್ದರೆ ಕರೆನ್ಸಿ, ಅಂದರೆ ಇತ್ತೀಚಿನ ಹಾರಾಟದ ಲೆಕ್ಕ, ತಪ್ಪುತ್ತದೆ, ವಾಪಸ್ ಬಂದಾಗ ಸಿಮ್ಯುಲೇಟರ್‌ನಲ್ಲಿ ಕೂರಿಸುತ್ತಾರೆ. ಮೆಡಿಕಲ್ ಸರ್ಟಿಫಿಕೇಟ್ ಮಾತ್ರ ಬಿಡಬೇಡಿ. 40 ದಾಟಿದವರಿಗೆ ಫಸ್ಟ್ ಕ್ಲಾಸ್ ಮೆಡಿಕಲ್ ನಡೆಯುವುದು ಆರೇ ತಿಂಗಳು.

ಪ್ರಶ್ನೆ: ರಜೆಯಲ್ಲಿ ಬೇರೆ ಏರ್‌ಲೈನ್‌ಗೆ ಹಾರಿಸಬಹುದಾ?

ನಿಮ್ಮ ಯೂನಿಯನ್ನಿಗೆ ಬರಹದಲ್ಲಿ ಕೇಳಿ. ನನ್ನನ್ನಲ್ಲ.

ಪ್ರಶ್ನೆ: ಕರಿಯರ್ ಕೋಚ್ ಒಬ್ಬರು ಫೀಸ್ ತೆಗೆದುಕೊಂಡು, ಫರ್ಲೋ ಬಾರದಂಥ ರಜೆ ಪ್ಲಾನ್ ಮಾಡಿಕೊಡುತ್ತಾರಂತೆ. ನಂಬಬಹುದಾ?

ಸೀನಿಯಾರಿಟಿ ನಂಬರ್ ನೀವು ಕೆಲಸಕ್ಕೆ ಸೇರಿದಾಗ ಬಂದದ್ದು. ಅದನ್ನು ಯಾವ ಕೋಚೂ ಒಂದು ಸಾಲು ಮೇಲಕ್ಕೆ ತರಲಾರ. ದುಡ್ಡು ಕೊಟ್ಟಾಗಿದ್ದರೆ ವಾಪಸ್ ಕೇಳಿ.